ಒಂದು ಗೇಣು ಕರಿಕಲ್ಲು

ಕಿಟಕಿ ಹಾಕಿದ್ರೂ ಬರ್ತೈತೆ,
ಬಾಗಿಲ ಸಂದಿಗೆ ಹಳೆ ಲುಂಗಿ ತುರುಕಿದ್ರೂ ಬರ್ತೈತೆ.
ಸೊಂಡೂರು ಗುಡ್ಡ ಟಿಪ್ಪರ್ ಹತ್ತಿ, ದಾರಿಯುದ್ದ ಉದುರಿ,
ಕೌಲ್ ಬಜಾರಿನ ನಮ್ಮ ಪಡಸಾಲೆಗೆ ಬಂದು
ಹೇಳದೆ ಕೇಳದೆ ಮಲಗ್ತೈತೆ.
ಒಳಗಿನ ಕಸ ಬೇರೆ:
ಹೊಲಿಗೆ ಮಿಷಿನ್ನಿನ ಕೆಳಗೆ ಜೀನ್ಸಿನ ನೀಲಿ ನಾರು,
ನೂಲಿನ ತುಂಡು, ಮುರಿದ ಸೂಜಿ.
ಕೆಂಪು ಹೊರಗಿಂದ, ನೀಲಿ ಒಳಗಿಂದ,
ನಡುವೆ ಬಗ್ಗಿ ಬಗ್ಗಿ ನನ್ನ ಸೊಂಟ.

ಅದಕ್ಕೇ ತಂದೆ, ಮೂರು ತಿಂಗಳ ಓವರ್‌ಟೈಮ್ ದುಡ್ಡಲ್ಲಿ.
ರೊಟ್ಟಿ ಹಂಚಿನಷ್ಟು ಅಗಲ, ಗುಂಡಗೆ, ಕಾಲು ಕಾಣಲ್ಲ.
ಅತ್ತೆ ಸುಂಕಮ್ಮ ನೋಡಿ ಒಂದೇ ಮಾತು: ತಾಬೇಲು.
ಕಂಪನಿ ಇಟ್ಟ ಹೆಸರು ಆವತ್ತೇ ಸತ್ತಿತು.

ಎರಡನೇ ದಿನವೇ ಅದು ಅತ್ತೆಯ ಸೆರಗು ನುಂಗಿ
ನಡುಮನೆಯಲ್ಲಿ ನಿಂತು ಹಿಂದಿಯಲ್ಲಿ ಕೂಗಿತು.
ಅತ್ತೆ ತೆಲುಗಲ್ಲಿ ಬೈದಳು.
ನಾನು ಇಬ್ಬರಿಗೂ ಕನ್ನಡದಲ್ಲಿ ಸಮಾಧಾನ ಹೇಳಿ
ಸೆರಗು ಬಿಡಿಸಿದೆ.
ಮಗಳು ಗಂಗೋತ್ರಿ ಫೋನು ತೋರಿಸಿದಳು:
ಗೋಡೆ ಗೋಡೆ ಮುಟ್ಟಿ ಅದು ಮನೆಯ ನಕ್ಷೆ ಬರಕೊಂಡೈತೆ,
ಇಪ್ಪತ್ತೆರಡು ವರ್ಷ ಬಾಳಿದ್ದು ಮೂರು ಬೆರಳಗಲ.
ಎಲೆಅಡಿಕೆ ಚೀಲ ಹಿಡಿದು ಅತ್ತೆ ಕೂಡುವ ಮೂಲೆಗೆ
ಬೆರಳಲ್ಲೇ ಒಂದು ಗೆರೆ ಎಳೆದೆ.
ಈಗ ಅದು ಅಲ್ಲಿ ಕಾಲಿಡಲ್ಲ.
ನಾನಂತೂ ಇಷ್ಟು ವರ್ಷ
ಗೆರೆ ಇಲ್ಲದೆಯೂ ಇಟ್ಟಿರಲಿಲ್ಲ.

ಹಸಿದರೆ ತಾನಾಗಿ ಗೂಡಿಗೆ ಹೋಗ್ತೈತೆ,
ಹೊಟ್ಟೆ ತುಂಬಿದ ಮೇಲೆ ಬಿಟ್ಟ ಜಾಗದಿಂದಲೇ ಹಿಡೀತೈತೆ.
ಗಾದಿಲಿಂಗಪ್ಪನಿಗೆ, ಅಂದ್ರೆ ನನ್ನ ಗಂಡನಿಗೆ,
ಹರೇದಲ್ಲಿ ಈ ಬುದ್ಧಿ ಇರಲಿಲ್ಲ.

ಭಾನುವಾರ ಅದರ ತಲೆಸ್ನಾನ.
ಅಂಗಾತ ಮಲಗಿಸಿ ಬ್ರಷ್ ಕೀಳ್ತೀನಿ.
ಸುತ್ತಿಕೊಂಡಿರ್ತಾವೆ: ಗಂಗೋತ್ರಿಯ ಉದ್ದದವು,
ಅತ್ತೆಯ ಬೆಳ್ಳಿ ಎಳೆ,
ಬುಡ ಬಿಳಿ ತುದಿ ಕಪ್ಪು ಇದ್ದರೆ ನನ್ನವೇ.
ನೀಲಿ ನೂಲು ಸೇರಿ ಮನೆ ಹೆಂಗಸರದೆಲ್ಲ ಒಂದೇ ಜಡೆ.
ದಿನಾ ಮುನ್ನೂರು ಪ್ಯಾಂಟಿನ ದಾರ ಕಡಿಯುವ
ಅದೇ ಗಿಡ್ಡ ಕತ್ರಿ ಹಿಡಿದು ಬಿಡಿಸ್ತೀನಿ, ಚಕ್ ಚಕ್.
ಮುಂದಿನ ಗಾಲಿಯನ್ನ ಎಳೆದು ಒಳಗಿನ ಗುಂಗುರು ತೆಗೀಬೇಕು,
ಇಲ್ಲಂದ್ರೆ ಕುಂಟ್ತೈತೆ.
ಡಬ್ಬಿಯನ್ನ ಪೇಪರಿನ ಮೇಲೆ ಕೊಡವಿದರೆ
ಒಂದು ಲೋಟದಷ್ಟು ಗುಡ್ಡ.
ಫಿಲ್ಟರ್ ತೊಳೆದು ಇಪ್ಪತ್ತನಾಲ್ಕು ತಾಸು ಒಣಗಿಸಿ ಅಂತ
ಪುಸ್ತಕದಲ್ಲಿ ಬರದಾರೆ.
ಬರದವರು ಬಳ್ಳಾರಿ ಬಿಸಿಲು ಕಂಡಿಲ್ಲ.
ಆದ್ರೂ ಒಂದಿನ ಬಿಡ್ತೀನಿ, ನೆರಳಲ್ಲಿ,
ಬರೆದದ್ದಕ್ಕೊಂದು ಮರ್ಯಾದೆ.

ಕಣ್ಣು ಮಾತ್ರ ಒಣಬಟ್ಟೆಯಲ್ಲೇ ಒರೆಸಬೇಕು.
ಹೊಟ್ಟೆಯ ಅಡಿಗೆ ನಾಲ್ಕು, ನೆಲ ನೋಡುವ ಕಣ್ಣು.
ಮೆಟ್ಟಿಲಿನಿಂದ ಬೀಳದಂಗೆ ಕಾಯೋದು ಅವೇ.
ಎಷ್ಟು ಒರೆಸಿದ್ರೂ ಒಂದು ಭ್ರಮೆ ಹೋಗಿಲ್ಲ:
ಪಡಸಾಲೆಗೂ ಅಡಿಗೆಮನೆಗೂ ನಡುವೆ
ಒಂದು ಗೇಣು ಕರಿಕಲ್ಲಿನ ಪಟ್ಟಿ ಐತೆ.
ಅಲ್ಲಿಗೆ ಬಂತಂದ್ರೆ ಗುಂಡಿ ಅಂತ ತಿಳಿದು
ಗಕ್ಕನೆ ನಿಂತು ಹಿಂದಕ್ಕೆ ಸರೀತೈತೆ.
ತಿರುಗಿ ಬರ್ತೈತೆ, ಮತ್ತೆ ನಿಲ್ತೈತೆ.
ಅಡಿಗೆಮನೆಗೆ ನಾನೇ ಎತ್ತಿ ಇಳಿಸಬೇಕು.

ಆವತ್ತು ಗಂಡ ಚಾ ಕುಡೀತಾ ನೋಡ್ತಿದ್ದ.
ಹತ್ತೊಂಬತ್ತು ವರ್ಷ ಗಣಿಯಲ್ಲಿ ಡಂಪರ್ ಓಡಿಸಿದವ,
ಒಂದು ಮಳೆಯ ರಾತ್ರಿ ಅಂಚು ಕಾಣದೆ
ಜೊತೆಗಾರ ಪಕ್ಕೀರಪ್ಪನ ಗಾಡಿ ಇಳಿದದ್ದನ್ನು
ಹಿಂದಿನ ಗಾಡಿಯಲ್ಲಿ ಕೂತು ಕಂಡವ.
ನಾನು ಅಂದೆ: ಬರೀ ಕಲ್ಲಿಗೆ ಇಷ್ಟು ಅಂಜ್ತೈತಲ್ಲ, ಹುಚ್ಚುಮುಂಡೇದು.
ಅಂಗಡಿಯವ ಹೇಳ್ಯಾನೆ, ಆ ಕಣ್ಣಿಗೆ ಬಿಳಿ ಟೇಪು ಅಂಟಿಸಿದರೆ
ನಿಲ್ಲದೆ ದಾಟ್ತೈತಂತೆ.

ಅವನು ಲೋಟ ಕೆಳಗಿಟ್ಟ.
ಬ್ಯಾಡ, ಅಂದ. ಕಣ್ಣು ಕಟ್ಟಬ್ಯಾಡ.
ಅಷ್ಟೇ. ಎದ್ದು ಹೋಗಿ ಅದನ್ನ ಎರಡೂ ಕೈಯಲ್ಲಿ ಎತ್ತಿ,
ಕೂಸನ್ನ ದಾಟಿಸಿದಂಗೆ ದಾಟಿಸಿ,
ಆಚೆಗೆ ಬಿಟ್ಟ.

ಟೇಪಿನ ಸುರುಳಿ ಇನ್ನೂ ಬಿಚ್ಚಿಲ್ಲ.
ಆ ಒಂದು ಗೇಣಿಗಂತ
ಬಾಗಿಲ ಹಿಂದೆ ಒಂದು ಮೋಟು ಕಸಬರಿಗೆ ಇಟ್ಟೀನಿ.